ಲೆಕ್ಕಕ್ಕೆ ಸಿಗದ ವಿಜ್ಞಾನಿ: ಮಲೇರಿಯಾಕ್ಕೆ ಮದ್ದು ಕೊಟ್ಟ ಟು ಯುಯು ಮತ್ತು ಸಂಶೋಧನೆಯ ಅಂಕಗಳು

ಕೆಲವು ವರ್ಷಗಳಿಂದ ನಮ್ಮ ಕರಾವಳಿಯ ಪತ್ರಿಕೆಗಳಲ್ಲಿ ಒಂದು ಬಗೆಯ ಸುದ್ದಿ ಆಗಾಗ ಕಾಣಿಸಿಕೊಳ್ಳುತ್ತಿದೆ. ಇಂಥ ಕಾಲೇಜಿನ ಪ್ರಾಧ್ಯಾಪಕರು ವಿಶ್ವದ ಶೇಕಡಾ 2ರಷ್ಟು ಅಗ್ರ ವಿಜ್ಞಾನಿಗಳ ಪಟ್ಟಿಯಲ್ಲಿ ಸ್ಥಾನ ಪಡೆದಿದ್ದಾರೆ, ಇಷ್ಟು ಸಂಶೋಧನಾ ಲೇಖನ ಪ್ರಕಟಿಸಿದ್ದಾರೆ, ಅವರ ಎಚ್-ಇಂಡೆಕ್ಸ್ ಇಷ್ಟು, ಸೈಟೇಶನ್ ಇಷ್ಟು ಸಾವಿರ ಎಂಬುದು ಆ ಸುದ್ದಿಯ ಸಾರ. ಊರಿನವರಿಗೆ ಸಂತೋಷವಾಗುತ್ತದೆ. ಚರ್ಚ್ ಸಭಾಭವನದಲ್ಲಿ ಸನ್ಮಾನವೂ ನಡೆಯುತ್ತದೆ. ಶಾಲು ಹೊದಿಸಿ, ಹಣ್ಣುಹಂಪಲು ಕೊಟ್ಟು, ಪರಿಚಯ ಪತ್ರ ಓದುವಾಗ ಈ ಅಂಕೆಗಳನ್ನೂ ಓದುತ್ತಾರೆ. ನಾವೆಲ್ಲರೂ ಚಪ್ಪಾಳೆ ತಟ್ಟುತ್ತೇವೆ. ಆದರೆ ಆ ಅಂಕೆಗಳ ಅರ್ಥವೇನು ಎಂದು ಕೇಳಿದರೆ ಸಭೆಯಲ್ಲಿ ಉತ್ತರಿಸಬಲ್ಲವರು ಕೆಲವರೇ.

ಇದನ್ನು ತಿಳಿದುಕೊಳ್ಳುವುದು ಇಂದು ಅಗತ್ಯವಾಗಿದೆ. ನಮ್ಮ ಎಷ್ಟೋ ಕುಟುಂಬಗಳ ಮಕ್ಕಳು ಫಾರ್ಮಸಿ, ರಸಾಯನಶಾಸ್ತ್ರ, ಜೀವವಿಜ್ಞಾನ ಓದಿ ಪಿಎಚ್.ಡಿ. ಮಾಡುತ್ತಿದ್ದಾರೆ. ಇನ್ನು ಕೆಲವರು ಕಾಲೇಜುಗಳಲ್ಲಿ ಉಪನ್ಯಾಸಕರಾಗಿದ್ದಾರೆ. ಅವರ ನೇಮಕಾತಿ, ಬಡ್ತಿ, ಸಂಶೋಧನಾ ಅನುದಾನ ಎಲ್ಲವೂ ಈ ಅಂಕೆಗಳಿಗೆ ಕಟ್ಟಿಕೊಂಡಿವೆ. ಶಿಕ್ಷಣ ಸಂಸ್ಥೆಗಳನ್ನು ನಡೆಸುವ ಆಡಳಿತ ಮಂಡಳಿಗಳೂ ಇವುಗಳನ್ನೇ ನೋಡಿ ತೀರ್ಮಾನ ಮಾಡುತ್ತವೆ. ಅಳತೆಗೋಲು ಏನನ್ನು ಅಳೆಯುತ್ತದೆ, ಏನನ್ನು ಅಳೆಯುವುದಿಲ್ಲ ಎಂಬುದು ಗೊತ್ತಿಲ್ಲದಿದ್ದರೆ ಯೋಗ್ಯರಿಗೆ ಅನ್ಯಾಯವಾಗುವ ಸಾಧ್ಯತೆಯಿದೆ. ಆದ್ದರಿಂದ ಒಬ್ಬ ಔಷಧ ರಸಾಯನಶಾಸ್ತ್ರಜ್ಞೆಯ ಬದುಕನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ಸರಳವಾಗಿ ತಿಳಿಯಲು ಪ್ರಯತ್ನಿಸೋಣ.

ಸೈಟೇಶನ್ ಎಂದರೇನು?

ಒಬ್ಬ ವಿಜ್ಞಾನಿ ಹೊಸದೇನನ್ನಾದರೂ ಕಂಡುಕೊಂಡರೆ ಅದನ್ನು ಸಂಶೋಧನಾ ಲೇಖನವಾಗಿ ಬರೆದು ಜರ್ನಲ್ ಎಂಬ ನಿಯತಕಾಲಿಕಕ್ಕೆ ಕಳುಹಿಸುತ್ತಾರೆ. ಅದೇ ವಿಷಯದ ಬೇರೆ ತಜ್ಞರು ಅದನ್ನು ಪರಿಶೀಲಿಸಿ ಒಪ್ಪಿದರೆ ಲೇಖನ ಪ್ರಕಟವಾಗುತ್ತದೆ. ಮುಂದೆ ಬೇರೊಬ್ಬರು ತಮ್ಮ ಲೇಖನ ಬರೆಯುವಾಗ, ಈ ವಿಷಯವನ್ನು ನಾವು ಇಂಥವರ ಲೇಖನದಿಂದ ತೆಗೆದುಕೊಂಡಿದ್ದೇವೆ ಎಂದು ಕೊನೆಯ ಪಟ್ಟಿಯಲ್ಲಿ ನಮೂದಿಸುತ್ತಾರೆ. ಆ ಒಂದು ನಮೂದೇ ಒಂದು ಸೈಟೇಶನ್, ಅಂದರೆ ಒಂದು ಉಲ್ಲೇಖ.

ನ್ಯಾಯಾಲಯದಲ್ಲಿ ವಕೀಲರು ಹಳೆಯ ತೀರ್ಪುಗಳನ್ನು ಉಲ್ಲೇಖಿಸಿ ವಾದ ಮಂಡಿಸುವುದನ್ನು ನಾವು ಕೇಳಿದ್ದೇವೆ. ಯಾವ ತೀರ್ಪನ್ನು ಮುಂದೆ ಯಾವ ತೀರ್ಪಿನಲ್ಲಿ ಉಲ್ಲೇಖಿಸಲಾಗಿದೆ ಎಂದು ತೋರಿಸುವ ಸೂಚಿ ಅಮೆರಿಕದ ವಕೀಲರ ಬಳಿ 19ನೇ ಶತಮಾನದಿಂದಲೇ ಇತ್ತು. ಅದನ್ನು ಕಂಡ ಯುಜೀನ್ ಗಾರ್ಫೀಲ್ಡ್ ಎಂಬವರು ವಿಜ್ಞಾನಕ್ಕೂ ಅಂಥದ್ದೊಂದು ಸೂಚಿ ಬೇಕೆಂದು 1955ರಲ್ಲಿ ಬರೆದರು. 1964ರಲ್ಲಿ ಫಿಲಡೆಲ್ಫಿಯಾದ ತಮ್ಮ ಸಂಸ್ಥೆಯಿಂದ ಸೈನ್ಸ್ ಸೈಟೇಶನ್ ಇಂಡೆಕ್ಸ್ ಹೊರತಂದರು. ಒಂದು ವಿಚಾರ ಎಲ್ಲಿಂದ ಹೊರಟು ಎಲ್ಲೆಲ್ಲಿಗೆ ಹರಿದಿದೆ ಎಂದು ಹುಡುಕಲು ಓದುಗರಿಗೆ ನೆರವಾಗುವುದು ಅದರ ಮೊದಲ ಉದ್ದೇಶ. ವಿಜ್ಞಾನಿಗಳಿಗೆ ಅಂಕ ಕೊಡುವ ಸಾಧನವಾಗಿ ಅದು ಬಳಕೆಗೆ ಬಂದದ್ದು ನಂತರ. ಇಂದು ವೆಬ್ ಆಫ್ ಸೈನ್ಸ್, ಸ್ಕೋಪಸ್ ಮತ್ತು ಗೂಗಲ್ ಸ್ಕಾಲರ್ ಎಂಬ ಮೂರು ದೊಡ್ಡ ಸೂಚಿಗಳು ಬಳಕೆಯಲ್ಲಿವೆ. ಪ್ರತಿಯೊಂದೂ ಬೇರೆ ಬೇರೆ ಜರ್ನಲ್‌ಗಳನ್ನು ಎಣಿಸುವುದರಿಂದ ಒಬ್ಬರೇ ವಿಜ್ಞಾನಿಗೆ ಮೂರು ಕಡೆ ಮೂರು ಲೆಕ್ಕ ಸಿಗುತ್ತದೆ.

ಎಚ್-ಇಂಡೆಕ್ಸ್ ಲೆಕ್ಕ ಹಾಕುವುದು ಹೇಗೆ?

2005ರಲ್ಲಿ ಅಮೆರಿಕದ ಭೌತವಿಜ್ಞಾನಿ ಹೋರ್ಹೆ ಹಿರ್ಶ್ ಎಂಬವರು ಈ ಇಂಡೆಕ್ಸನ್ನು ಸೂಚಿಸಿದರು. ಲೇಖನಗಳ ಸಂಖ್ಯೆ ಮಾತ್ರ ನೋಡಿದರೆ ಗುಣ ತಿಳಿಯುವುದಿಲ್ಲ. ಒಟ್ಟು ಉಲ್ಲೇಖ ಮಾತ್ರ ನೋಡಿದರೆ ಒಂದೇ ಒಂದು ಪ್ರಸಿದ್ಧ ಲೇಖನದ ಬಲದಿಂದ ಅಂಕ ಏರಿಬಿಡುತ್ತದೆ. ಎರಡನ್ನೂ ಸೇರಿಸಿ ಒಂದು ಅಂಕೆ ಕೊಡುವುದು ಅವರ ಆಲೋಚನೆಯಾಗಿತ್ತು.

ಒಂದು ಉದಾಹರಣೆ ನೋಡೋಣ. ಒಬ್ಬ ಉಪನ್ಯಾಸಕಿ ಎಂಟು ಲೇಖನ ಬರೆದಿದ್ದಾರೆ ಎಂದುಕೊಳ್ಳೋಣ. ಅವುಗಳಿಗೆ ಬಂದ ಉಲ್ಲೇಖಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಬರೆದರೆ 40, 22, 15, 9, 6, 5, 2, 0. ಈಗ ಒಂದೊಂದಾಗಿ ಎಣಿಸುತ್ತಾ ಹೋಗಬೇಕು. ಐದನೆಯ ಲೇಖನಕ್ಕೆ 6 ಉಲ್ಲೇಖಗಳಿವೆ, ಅಂದರೆ ಐದಕ್ಕಿಂತ ಕಡಿಮೆ ಇಲ್ಲ. ಆರನೆಯದಕ್ಕೆ 5 ಮಾತ್ರ ಇದೆ, ಆರು ಇಲ್ಲ. ಅಲ್ಲಿಗೆ ಎಣಿಕೆ ನಿಲ್ಲುತ್ತದೆ. ಅವರ ಎಚ್-ಇಂಡೆಕ್ಸ್ 5. ಕನಿಷ್ಠ ಐದು ಉಲ್ಲೇಖ ಪಡೆದ ಐದು ಲೇಖನಗಳು ಅವರಲ್ಲಿವೆ ಎಂಬುದು ಇದರ ಅರ್ಥ.

ಈಗ ಅದೇ ಉಪನ್ಯಾಸಕಿಯ ಮೊದಲ ಲೇಖನಕ್ಕೆ 40ರ ಬದಲು 4000 ಉಲ್ಲೇಖ ಬಂದಿದ್ದರೆ ಎಚ್-ಇಂಡೆಕ್ಸ್ ಎಷ್ಟಾಗುತ್ತದೆ? ಆಗಲೂ 5. ಜಗತ್ತೇ ಬದಲಾಗುವಂಥ ಒಂದು ಕೆಲಸ ಮಾಡಿದರೂ ಈ ಅಂಕೆ ಅಲುಗಾಡುವುದಿಲ್ಲ. ಇದನ್ನು ನೆನಪಿಟ್ಟುಕೊಂಡು ಮುಂದೆ ಹೋಗೋಣ.

ಜರ್ನಲ್‌ಗಳಿಗೂ ಒಂದು ಅಂಕವಿದೆ. ಅದನ್ನು ಇಂಪ್ಯಾಕ್ಟ್ ಫ್ಯಾಕ್ಟರ್ ಎನ್ನುತ್ತಾರೆ. ಒಂದು ಜರ್ನಲ್ 2022 ಮತ್ತು 2023ರಲ್ಲಿ ಒಟ್ಟು 100 ಲೇಖನ ಪ್ರಕಟಿಸಿ, 2024ರಲ್ಲಿ ಅವುಗಳಿಗೆ 300 ಉಲ್ಲೇಖ ಬಂದರೆ 2024ರ ಇಂಪ್ಯಾಕ್ಟ್ ಫ್ಯಾಕ್ಟರ್ 3. ಇದು ಜರ್ನಲ್‌ನ ಸರಾಸರಿಯೇ ಹೊರತು ಅದರಲ್ಲಿ ಬರೆದ ವ್ಯಕ್ತಿಯ ಅಂಕವಲ್ಲ. ಸರಾಸರಿ ಎಷ್ಟು ಮೋಸಗೊಳಿಸಬಲ್ಲದು ಎಂಬುದಕ್ಕೆ ಒಂದು ನಿಜ ಪ್ರಸಂಗವಿದೆ. ಆಕ್ಟಾ ಕ್ರಿಸ್ಟಲೋಗ್ರಾಫಿಕಾ ಎ ಎಂಬ ಜರ್ನಲ್‌ನಲ್ಲಿ 2008ರಲ್ಲಿ ಜಾರ್ಜ್ ಶೆಲ್ಡ್ರಿಕ್ ಎಂಬವರು ಹರಳುಗಳ ರಚನೆ ಬಿಡಿಸುವ ಕಂಪ್ಯೂಟರ್ ಪ್ರೋಗ್ರಾಮ್ ಬಗ್ಗೆ ಬರೆದರು. ಆ ಪ್ರೋಗ್ರಾಮ್ ಬಳಸಿದವರೆಲ್ಲ ಆ ಲೇಖನವನ್ನು ಉಲ್ಲೇಖಿಸಿದರು. ಸುಮಾರು 2ರಷ್ಟಿದ್ದ ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ 2009ರಲ್ಲಿ ಹತ್ತಿರ ಹತ್ತಿರ 50ಕ್ಕೆ ಹಾರಿತು. ಆ ಲೇಖನ ಲೆಕ್ಕದಿಂದ ಹೊರಗೆ ಹೋದ ಮೇಲೆ 2011ರಲ್ಲಿ ಮತ್ತೆ 2ರ ಆಸುಪಾಸಿಗೆ ಇಳಿಯಿತು. ಉಳಿದ ಲೇಖನಗಳ ಗುಣ ಈ ನಡುವೆ ಏರಲೂ ಇಲ್ಲ, ಇಳಿಯಲೂ ಇಲ್ಲ.

ಮೂರು ಇಲ್ಲಗಳ ವಿಜ್ಞಾನಿ

ಈಗ ಟು ಯುಯು ಅವರ ಕಡೆಗೆ ಬರೋಣ. ಔಷಧ ರಸಾಯನಶಾಸ್ತ್ರಜ್ಞರ ಕೆಲಸವೆಂದರೆ ರೋಗಕ್ಕೆ ನಾಟುವ ವಸ್ತುವನ್ನು ಹುಡುಕುವುದು, ಅದನ್ನು ಶುದ್ಧವಾಗಿ ಬೇರ್ಪಡಿಸುವುದು, ಅದರ ರಚನೆ ತಿಳಿಯುವುದು, ಬೇಕಿದ್ದರೆ ಸ್ವಲ್ಪ ಮಾರ್ಪಡಿಸಿ ದೇಹಕ್ಕೆ ಹೊಂದುವಂತೆ ಮಾಡುವುದು. ಈ ದಾರಿ ಬಹಳ ಉದ್ದ. ಸಾವಿರಾರು ಪ್ರಯೋಗಗಳಲ್ಲಿ ಹೆಚ್ಚಿನವು ಸೋಲುತ್ತವೆ. ಸೋತ ಪ್ರಯೋಗಗಳಿಂದ ಲೇಖನ ಹುಟ್ಟುವುದು ಅಪರೂಪ.

ಟು ಯುಯು ಹುಟ್ಟಿದ್ದು 1930ರ ಡಿಸೆಂಬರ್ 30ರಂದು, ಚೀನಾದ ಪೂರ್ವ ಕರಾವಳಿಯ ನಿಂಗ್ಬೊ ನಗರದಲ್ಲಿ. 16ರ ಹರೆಯದಲ್ಲಿ ಕ್ಷಯರೋಗ ತಗಲಿ ಎರಡು ವರ್ಷ ಶಾಲೆ ಬಿಡಬೇಕಾಯಿತು. ಗುಣಮುಖರಾದ ಮೇಲೆ ಔಷಧಗಳ ಬಗ್ಗೆಯೇ ಓದಬೇಕೆಂದು ನಿಶ್ಚಯಿಸಿದರು. 1955ರಲ್ಲಿ ಬೀಜಿಂಗ್‌ನಲ್ಲಿ ಫಾರ್ಮಸಿ ಪದವಿ ಮುಗಿಸಿ ಸಾಂಪ್ರದಾಯಿಕ ಚೀನೀ ವೈದ್ಯ ಅಕಾಡೆಮಿಯಲ್ಲಿ ಕೆಲಸಕ್ಕೆ ಸೇರಿದರು. ಅವರಿಗೆ ಪಿಎಚ್.ಡಿ. ಇಲ್ಲ. ವಿದೇಶದಲ್ಲಿ ತರಬೇತಿ ಪಡೆದಿಲ್ಲ. ಚೀನಾದ ವಿಜ್ಞಾನ ಅಕಾಡೆಮಿಯ ಸದಸ್ಯತ್ವವೂ ಸಿಗಲಿಲ್ಲ. ಅದಕ್ಕೇ ಅವರ ದೇಶದಲ್ಲಿ ಅವರನ್ನು ಮೂರು ಇಲ್ಲಗಳ ವಿಜ್ಞಾನಿ ಎಂದು ಕರೆದರು.

1960ರ ದಶಕದಲ್ಲಿ ವಿಯೆಟ್ನಾಂ ಯುದ್ಧ ನಡೆಯುತ್ತಿತ್ತು. ಸೈನಿಕರಲ್ಲಿ ಮಲೇರಿಯಾ ಹಬ್ಬಿತ್ತು. ಅದುವರೆಗೆ ಕೈಹಿಡಿಯುತ್ತಿದ್ದ ಕ್ಲೋರೋಕ್ವಿನ್ ಮಾತ್ರೆ ನಾಟುತ್ತಿರಲಿಲ್ಲ. ಉತ್ತರ ವಿಯೆಟ್ನಾಂ ನೆರವು ಕೇಳಿದ್ದರಿಂದ ಚೀನಾ ಸರಕಾರ 1967ರ ಮೇ 23ರಂದು ಗುಟ್ಟಾದ ಒಂದು ಯೋಜನೆ ಆರಂಭಿಸಿತು. ದಿನಾಂಕದಿಂದಲೇ ಅದಕ್ಕೆ ಪ್ರಾಜೆಕ್ಟ್ 523 ಎಂದು ಹೆಸರಾಯಿತು. 1969ರ ಜನವರಿಯಲ್ಲಿ ಟು ಅವರನ್ನು ಅಕಾಡೆಮಿಯ ತಂಡದ ಮುಖ್ಯಸ್ಥೆಯಾಗಿ ನೇಮಿಸಲಾಯಿತು. ಆಗ ಅವರಿಗೆ 38 ವರ್ಷ. ಸಾಂಸ್ಕೃತಿಕ ಕ್ರಾಂತಿಯ ಕಾಲವಾದ್ದರಿಂದ ಪತಿಯನ್ನು ಹಳ್ಳಿಗೆ ಕಳುಹಿಸಲಾಗಿತ್ತು. ದೊಡ್ಡ ಮಗಳನ್ನು ಶಿಶುವಿಹಾರದಲ್ಲಿ, ಚಿಕ್ಕವಳನ್ನು ತವರುಮನೆಯಲ್ಲಿ ಬಿಟ್ಟು ಅವರು ಕೆಲಸಕ್ಕೆ ನಿಂತರು.

ಸಾಂಪ್ರದಾಯಿಕ ಮದ್ದಿನ ಪುಸ್ತಕಗಳನ್ನು ಓದಿ, ವೈದ್ಯರನ್ನು ಕಂಡು, ಅವರ ತಂಡ 2000ಕ್ಕೂ ಹೆಚ್ಚು ಮದ್ದುಗಳ ವಿವರ ಸಂಗ್ರಹಿಸಿತು. ಅವುಗಳಲ್ಲಿ 640ನ್ನು ಆರಿಸಿ ಒಂದು ಕೈಪಿಡಿ ಮಾಡಿತು. ಸುಮಾರು 200 ಗಿಡಮೂಲಿಕೆಗಳಿಂದ ತೆಗೆದ 380 ಸಾರಗಳನ್ನು ಮಲೇರಿಯಾ ತಗಲಿದ ಇಲಿಗಳ ಮೇಲೆ ಪರೀಕ್ಷಿಸಿತು. ಚಿಂಗ್‌ಹಾವ್ ಎಂಬ ಗಿಡದ ಸಾರ ಒಮ್ಮೆ ನಾಟುತ್ತಿತ್ತು, ಮತ್ತೊಮ್ಮೆ ನಾಟುತ್ತಿರಲಿಲ್ಲ. ಇದರ ಸಸ್ಯಶಾಸ್ತ್ರೀಯ ಹೆಸರು ಆರ್ಟೆಮಿಸಿಯಾ ಆನ್ಯುವಾ. ನಮ್ಮಲ್ಲಿ ಹಾರಕ್ಕೆ ಬಳಸುವ ದವನವೂ ಇದೇ ಆರ್ಟೆಮಿಸಿಯಾ ಕುಲಕ್ಕೆ ಸೇರಿದ್ದು, ಆದರೆ ಬೇರೆ ಗಿಡ.

ಕಾರಣ ಸಿಕ್ಕಿದ್ದು ಹಳೆಯ ಪುಸ್ತಕವೊಂದರಲ್ಲಿ. 4ನೇ ಶತಮಾನದ ವೈದ್ಯ ಗೆ ಹೊಂಗ್ ಈ ಸೊಪ್ಪನ್ನು ನೀರಿನಲ್ಲಿ ನೆನೆಸಿ, ಹಿಂಡಿ, ರಸ ಕುಡಿಯಲು ಹೇಳಿದ್ದರು. ಕುದಿಸುವ ಮಾತೇ ಅದರಲ್ಲಿ ಇರಲಿಲ್ಲ. ಕಾಯಿಸುವುದರಿಂದಲೇ ಮದ್ದಿನ ಗುಣ ಹೋಗುತ್ತಿರಬಹುದು ಎಂದು ಟು ಊಹಿಸಿದರು. ಸುಮಾರು 35 ಡಿಗ್ರಿಯಲ್ಲೇ ಆವಿಯಾಗುವ ಈಥರ್ ದ್ರಾವಣದಿಂದ ಸಾರ ತೆಗೆದು, ಅದರಲ್ಲಿದ್ದ ಆಮ್ಲೀಯ ಭಾಗವನ್ನು ಬೇರ್ಪಡಿಸಿದರು. 1971ರ ಅಕ್ಟೋಬರ್ 4ರಂದು 191ನೇ ಮಾದರಿ ಇಲಿಗಳಲ್ಲಿ ಮಲೇರಿಯಾ ರೋಗಾಣುವನ್ನು ಪೂರ್ತಿ ಇಲ್ಲವಾಗಿಸಿತು.

ಮನುಷ್ಯರಿಗೆ ಕೊಡುವ ಮೊದಲು ಅದು ಅಪಾಯಕಾರಿಯಲ್ಲವೆಂದು ತಿಳಿಯಬೇಕಿತ್ತು. 1972ರ ಜುಲೈಯಲ್ಲಿ ಟು ಮತ್ತು ಇಬ್ಬರು ಸಹೋದ್ಯೋಗಿಗಳು ಆಸ್ಪತ್ರೆಗೆ ದಾಖಲಾಗಿ ಆ ಸಾರವನ್ನು ಮೊದಲು ತಾವೇ ಸೇವಿಸಿದರು. ತೊಂದರೆಯಾಗಲಿಲ್ಲ. ನಂತರ ಹೈನಾನ್ ದ್ವೀಪದಲ್ಲಿ 21 ರೋಗಿಗಳಿಗೆ ಕೊಟ್ಟು ನೋಡಿದರು. ಜ್ವರ ಇಳಿಯಿತು, ರಕ್ತದಲ್ಲಿದ್ದ ರೋಗಾಣುಗಳು ಮಾಯವಾದವು. ಅದೇ ವರ್ಷ ನವೆಂಬರಿನಲ್ಲಿ ಶುದ್ಧ ಹರಳು ಕೈಗೆ ಬಂತು. ಅದೇ ಆರ್ಟೆಮಿಸಿನಿನ್. ಅದರ ಅಣುವಿನಲ್ಲಿ 15 ಇಂಗಾಲ, 22 ಜಲಜನಕ, 5 ಆಮ್ಲಜನಕ ಪರಮಾಣುಗಳಿವೆ. ಎರಡು ಆಮ್ಲಜನಕಗಳು ಪರಸ್ಪರ ಸೇತುವೆಯಂತೆ ಜೋಡಿಕೊಂಡಿವೆ. ಮಲೇರಿಯಾ ರೋಗಾಣು ನಮ್ಮ ಕೆಂಪು ರಕ್ತಕಣದೊಳಗೆ ಸೇರಿ ಹಿಮೋಗ್ಲೋಬಿನನ್ನು ತಿನ್ನುವಾಗ ಕಬ್ಬಿಣದ ಅಂಶ ಬಿಡುಗಡೆಯಾಗುತ್ತದೆ. ಆ ಕಬ್ಬಿಣ ತಾಗಿದೊಡನೆ ಸೇತುವೆ ಮುರಿದು, ಹುಟ್ಟಿಕೊಳ್ಳುವ ಉಗ್ರ ತುಣುಕುಗಳು ರೋಗಾಣುವನ್ನೇ ನಾಶ ಮಾಡುತ್ತವೆ.

ಹೆಸರಿಲ್ಲದೆ ಪ್ರಕಟವಾದ ಲೇಖನ

ಇಷ್ಟು ದೊಡ್ಡ ಸಂಶೋಧನೆಯ ಲೇಖನ ಎಷ್ಟು ಉಲ್ಲೇಖ ಗಳಿಸಿರಬಹುದು? ಆ ಕಾಲದ ಚೀನಾದಲ್ಲಿ ವ್ಯಕ್ತಿಯ ಹೆಸರು ಮುಂದೆ ಮಾಡುವುದು ಸಲ್ಲದ ಮಾತಾಗಿತ್ತು. ಯೋಜನೆಯೂ ಗುಟ್ಟಿನದು. ಆರ್ಟೆಮಿಸಿನಿನ್ ರಚನೆಯನ್ನು ತಿಳಿಸುವ ಮೊದಲ ಲೇಖನ 1977ರಲ್ಲಿ ಚೀನೀ ಭಾಷೆಯಲ್ಲಿ ಪ್ರಕಟವಾಯಿತು. ಲೇಖಕರ ಜಾಗದಲ್ಲಿ ಇದ್ದದ್ದು ಸಹಕಾರಿ ಸಂಶೋಧನಾ ತಂಡ ಎಂಬ ಹೆಸರು ಮಾತ್ರ. 2099 ರೋಗಿಗಳ ಚಿಕಿತ್ಸೆಯ ವಿವರವಿದ್ದ ಲೇಖನ 1979ರಲ್ಲಿ ಇಂಗ್ಲಿಷಿನಲ್ಲಿ ಬಂದಾಗಲೂ ತಂಡದ ಹೆಸರೇ ಇತ್ತು. ಯಾವ ಸೂಚಿಯೂ ಆ ಉಲ್ಲೇಖಗಳನ್ನು ಟು ಯುಯು ಅವರ ಖಾತೆಗೆ ಜಮೆ ಮಾಡಲು ಸಾಧ್ಯವಿರಲಿಲ್ಲ. ಮೊದಲ ಸಾರ ಸಿಕ್ಕಿದ 1971ರಿಂದ 1977ರವರೆಗೆ ಪ್ರಕಟಣೆಯ ಲೆಕ್ಕದಲ್ಲಿ ಆ ಕೆಲಸ ಬರಿಯ ಸೊನ್ನೆ.

ಇನ್ನೊಂದು ಮುಖವನ್ನೂ ನಾವು ಹೇಳಬೇಕು. ಪ್ರಾಜೆಕ್ಟ್ 523ರಲ್ಲಿ ಹಲವು ಸಂಸ್ಥೆಗಳ ನೂರಾರು ಮಂದಿ ದುಡಿದಿದ್ದರು. ಯುನ್ನಾನ್ ಮತ್ತು ಶಾನ್‌ಡಾಂಗ್ ಪ್ರಾಂತ್ಯಗಳ ತಂಡಗಳೂ ಹರಳನ್ನು ಬೇರ್ಪಡಿಸಿದವು. ವೈದ್ಯ ಲಿ ಗುವೊಚಿಯಾವ್ ರೋಗಿಗಳ ಮೇಲೆ ಅದರ ಪರಿಣಾಮವನ್ನು ದೃಢಪಡಿಸಿದರು. ಶಾಂಘೈಯ ರಸಾಯನಶಾಸ್ತ್ರಜ್ಞೆ ಲಿ ಯಿಂಗ್ ಎಣ್ಣೆಯಲ್ಲಿ ಕರಗುವ ಆರ್ಟೆಮೀಥರ್ ತಯಾರಿಸಿದರು. ಗುಯಿಲಿನ್‌ನ ಲಿಯು ಶು ನೀರಿನಲ್ಲಿ ಕರಗುವಂತೆ ಮಾಡಬಹುದಾದ ಆರ್ಟೆಸುನೇಟ್ ತಯಾರಿಸಿದರು. ಇಂದು ಆಸ್ಪತ್ರೆಗಳಲ್ಲಿ ಬಳಸುವುದು ಹೆಚ್ಚಾಗಿ ಈ ಮಾರ್ಪಡಿಸಿದ ರೂಪಗಳನ್ನೇ. ಹೀಗಾಗಿ ಶ್ರೇಯಸ್ಸು ಒಬ್ಬರಿಗೇ ಸಲ್ಲಬೇಕೇ ಎಂಬ ವಾದ ಚೀನಾದಲ್ಲಿ ಬಹಳ ಕಾಲ ನಡೆಯಿತು.

ಹಾಗಾದರೆ ಟು ಅವರ ಹೆಸರು ಹೊರಗೆ ಬಂದದ್ದು ಹೇಗೆ? ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಮಲೇರಿಯಾ ತಜ್ಞರಾದ ಲೂಯಿಸ್ ಮಿಲ್ಲರ್ ಮತ್ತು ಶಿನ್‌ಜುವಾನ್ ಸು ಅವರು ಈ ಮದ್ದನ್ನು ಕಂಡುಹಿಡಿದವರು ಯಾರೆಂದು ಹುಡುಕಲು ಹೊರಟರು. ಹಳೆಯ ದಾಖಲೆಗಳನ್ನು ತೆಗೆದು ಓದಿ, ಯಾರು ಯಾವಾಗ ಏನು ಮಾಡಿದರು ಎಂದು ಸಾಲಾಗಿ ಜೋಡಿಸಿದರು. ಈ ಗಿಡವನ್ನು ಯೋಜನೆಗೆ ಮೊದಲು ತಂದವರು, ಪೂರ್ತಿ ನಾಟುವ ಸಾರವನ್ನು ಮೊದಲು ತೆಗೆದವರು, ಮೊದಲ ರೋಗಿಗಳಿಗೆ ಕೊಟ್ಟವರು ಟು ಅವರ ತಂಡದವರೇ ಎಂದು 2011ರಲ್ಲಿ ಬರೆದರು. ಅದೇ ವರ್ಷ ಟು ಅವರಿಗೆ ಲಾಸ್ಕರ್ ಪ್ರಶಸ್ತಿ ಬಂತು. 2015ರಲ್ಲಿ ವೈದ್ಯಕೀಯ ನೊಬೆಲ್ ಪ್ರಶಸ್ತಿಯ ಅರ್ಧ ಪಾಲು ಅವರಿಗೆ ಸಂದಿತು. ಉಳಿದರ್ಧವನ್ನು ವಿಲಿಯಂ ಕ್ಯಾಂಬೆಲ್ ಮತ್ತು ಸತೋಶಿ ಒಮುರ ಹಂಚಿಕೊಂಡರು. ಆಗ ಟು ಅವರಿಗೆ 84 ವರ್ಷ. ಕಂಪ್ಯೂಟರಿನ ಎಣಿಕೆ ಇಲ್ಲಿ ಕೆಲಸಕ್ಕೆ ಬರಲಿಲ್ಲ. ಇಬ್ಬರು ಮನುಷ್ಯರು ಕುಳಿತು ಓದಿದ್ದರಿಂದ ಸತ್ಯ ತಿಳಿಯಿತು.

ಕರಾವಳಿಯವರಾದ ನಮಗೆ ಈ ಮದ್ದಿನ ಬೆಲೆಯನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. 1990ರ ದಶಕದಿಂದ ಕಟ್ಟಡ ಕಾಮಗಾರಿಗಳು ಹೆಚ್ಚಿದಂತೆ ಮಂಗಳೂರು ನಗರ ಮಲೇರಿಯಾಕ್ಕೆ ಕುಖ್ಯಾತಿ ಪಡೆದಿತ್ತು. ಇಲ್ಲಿ ಹೆಚ್ಚಾಗಿ ಕಂಡದ್ದು ವೈವಾಕ್ಸ್ ಬಗೆ. ಅದಕ್ಕೆ ಕ್ಲೋರೋಕ್ವಿನ್ ಮತ್ತು ಪ್ರೈಮಾಕ್ವಿನ್ ಕೊಡುತ್ತಾರೆ. ಆದರೆ ಪ್ರಾಣಕ್ಕೆ ಹೆಚ್ಚು ಅಪಾಯ ತರುವ ಫಾಲ್ಸಿಪಾರಮ್ ಬಗೆ ಎಂದು ರಕ್ತಪರೀಕ್ಷೆಯಲ್ಲಿ ಕಂಡರೆ ಆರ್ಟೆಮಿಸಿನಿನ್ ವರ್ಗದ ಮದ್ದನ್ನು ಇನ್ನೊಂದು ಮದ್ದಿನ ಜತೆ ಸೇರಿಸಿ ಕೊಡುತ್ತಾರೆ. ರೋಗ ಉಲ್ಬಣಿಸಿದವರಿಗೆ ಆರ್ಟೆಸುನೇಟ್ ಇಂಜೆಕ್ಷನ್ ಕೊಡುತ್ತಾರೆ. 2023ರಲ್ಲಿ ಜಗತ್ತಿನಲ್ಲಿ ಸುಮಾರು 26.3 ಕೋಟಿ ಮಂದಿಗೆ ಮಲೇರಿಯಾ ಬಂದು 5.97 ಲಕ್ಷ ಮಂದಿ ತೀರಿಕೊಂಡರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಈ ಮದ್ದು ಇಲ್ಲದಿದ್ದರೆ ಸಾವು ಎಷ್ಟೋ ಹೆಚ್ಚಿರುತ್ತಿತ್ತು. ಹಾಗೆಂದು ಗಿಡದ ಎಲೆಯ ಕಷಾಯ ಮಾಡಿ ಕುಡಿಯುವುದನ್ನು ವಿಶ್ವ ಆರೋಗ್ಯ ಸಂಸ್ಥೆ ಒಪ್ಪುವುದಿಲ್ಲ. ಎಲೆಯಲ್ಲಿ ಮದ್ದಿನ ಪ್ರಮಾಣ ನಿಶ್ಚಿತವಲ್ಲ. ಅರೆಬರೆ ಪ್ರಮಾಣದಿಂದ ರೋಗಾಣು ಮದ್ದಿಗೆ ಬಗ್ಗದಂತಾಗುವ ಭಯವಿದೆ.

ಸುಬ್ಬರಾವ್ ಅವರ ಎರಡು ಖಾತೆಗಳು

ನಮ್ಮ ದೇಶದವರೇ ಆದ ಯಲ್ಲಾಪ್ರಗಡ ಸುಬ್ಬರಾವ್ ಅವರ ಕಥೆ ಇದಕ್ಕೆ ಪೂರಕವಾಗಿದೆ. 1895ರಲ್ಲಿ ಆಂಧ್ರದ ಭೀಮಾವರಂನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಅವರು 1925ರಲ್ಲಿ ಸೈರಸ್ ಫಿಸ್ಕ್ ಜತೆಗೂಡಿ ರಕ್ತ, ಮೂತ್ರಗಳಲ್ಲಿ ರಂಜಕವನ್ನು ಅಳೆಯುವ ವಿಧಾನವೊಂದನ್ನು ಪ್ರಕಟಿಸಿದರು. ಪ್ರಯೋಗಾಲಯಗಳಲ್ಲಿ ದಶಕಗಳ ಕಾಲ ಎಲ್ಲರೂ ಅದನ್ನೇ ಬಳಸಿದ್ದರಿಂದ ಆ ಲೇಖನಕ್ಕೆ ಸಾವಿರ ಸಾವಿರ ಉಲ್ಲೇಖಗಳು ಬಂದವು. ಮುಂದೆ ಅವರು ಲೆಡರ್ಲೆ ಔಷಧ ಕಂಪನಿಯ ಸಂಶೋಧನಾ ವಿಭಾಗವನ್ನು ನಡೆಸಿದರು. ಕ್ಯಾನ್ಸರಿಗೂ ಸಂಧಿವಾತಕ್ಕೂ ಇಂದಿಗೂ ಬಳಸುವ ಮೆಥೋಟ್ರೆಕ್ಸೇಟ್ ಅಲ್ಲಿನ ಕೆಲಸದಿಂದ ಬಂತು. ಆನೆಕಾಲು ರೋಗದ ಡಿಇಸಿ ಮದ್ದು 1947ರಲ್ಲಿ ಅಲ್ಲಿಂದಲೇ ಬಂತು. ಫೈಲೇರಿಯಾ ಕಾಟವಿದ್ದ ನಮ್ಮ ಕರಾವಳಿಯಲ್ಲಿ ಆ ಗುಳಿಗೆ ನುಂಗಿದವರು ಅನೇಕರಿದ್ದಾರೆ. ಮದ್ದು ನುಂಗಿ ಗುಣವಾದವರು ಲೇಖನ ಬರೆದು ಯಾರನ್ನೂ ಉಲ್ಲೇಖಿಸುವುದಿಲ್ಲ. ಸುಬ್ಬರಾವ್ 1948ರಲ್ಲಿ ತೀರಿಕೊಂಡರು. ಉಲ್ಲೇಖಗಳ ಖಾತೆಯಲ್ಲಿ ದೊಡ್ಡದಾಗಿ ಕಾಣುವುದು ರಂಜಕ ಅಳೆಯುವ ವಿಧಾನ. ರೋಗಿಗಳ ಖಾತೆಯಲ್ಲಿ ದೊಡ್ಡದಾಗಿ ಕಾಣುವುದು ಮದ್ದುಗಳು.

ಔಷಧ ಕಂಪನಿಗಳಲ್ಲಿ ದುಡಿಯುವ ರಸಾಯನಶಾಸ್ತ್ರಜ್ಞರ ಕೆಲಸ ಹೆಚ್ಚಾಗಿ ಪೇಟೆಂಟ್‌ಗಳಲ್ಲಿ ದಾಖಲಾಗುತ್ತದೆ. ರಕ್ತದ ಕ್ಯಾನ್ಸರಿಗೆ ಮದ್ದು ತಯಾರಿಸಿ 1988ರಲ್ಲಿ ನೊಬೆಲ್ ಪಡೆದ ಗರ್ಟ್ರೂಡ್ ಎಲಿಯನ್ ಅವರ ಹೆಸರಿನಲ್ಲಿ 45 ಪೇಟೆಂಟ್‌ಗಳಿದ್ದವು. ಅವರೂ ಓದಿ ಪಡೆದ ಪಿಎಚ್.ಡಿ. ಇಲ್ಲದವರು. ಲೇಖನಗಳನ್ನು ಮಾತ್ರ ನೋಡುವ ಸೂಚಿಯಲ್ಲಿ ಪೇಟೆಂಟ್‌ಗಳಿಗೆ ಜಾಗವಿಲ್ಲ.

ಉಲ್ಲೇಖ ಹೆಚ್ಚಾದರೆ ಸತ್ಯವೇ?

ಉಲ್ಲೇಖವೆಂದರೆ ಮೆಚ್ಚುಗೆ ಎಂದೇನೂ ಅಲ್ಲ. ತಪ್ಪೆಂದು ತೋರಿಸಲಿಕ್ಕೂ ಉಲ್ಲೇಖಿಸುತ್ತಾರೆ. 1998ರಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರು 12 ಮಕ್ಕಳ ವಿವರ ಕೊಟ್ಟು, ದಡಾರದ ಲಸಿಕೆಗೂ ಆಟಿಸಂಗೂ ಸಂಬಂಧವಿರಬಹುದೆಂಬ ಲೇಖನವನ್ನು ಲ್ಯಾನ್ಸೆಟ್ ಜರ್ನಲ್‌ನಲ್ಲಿ ಬರೆದರು. ಅದು ಆಧಾರವಿಲ್ಲದ್ದೆಂದು ತಿಳಿದು 2010ರಲ್ಲಿ ಜರ್ನಲ್ ಅದನ್ನು ಹಿಂತೆಗೆದುಕೊಂಡಿತು. ಆದರೂ ಬಹಳ ಹೆಚ್ಚು ಉಲ್ಲೇಖ ಪಡೆದ ಲೇಖನಗಳಲ್ಲಿ ಅದೂ ಒಂದು. ಅದನ್ನು ನಂಬಿ ಮಕ್ಕಳಿಗೆ ಲಸಿಕೆ ಹಾಕಿಸದ ಹೆತ್ತವರಿಂದಾಗಿ ಹಲವು ದೇಶಗಳಲ್ಲಿ ದಡಾರ ಮತ್ತೆ ತಲೆಯೆತ್ತಿತು.

ಇದಲ್ಲದೆ ವಿಷಯದಿಂದ ವಿಷಯಕ್ಕೆ ರೂಢಿ ಬೇರೆ. ವೈದ್ಯಕೀಯದಲ್ಲಿ ಲೇಖನಗಳೂ ಉಲ್ಲೇಖಗಳೂ ಹೆಚ್ಚು. ಗಣಿತದಲ್ಲಿ ಎರಡೂ ಕಡಿಮೆ. ಕನ್ನಡ, ಕೊಂಕಣಿ, ತುಳು ಭಾಷೆಗಳ ಬಗ್ಗೆ ಸಂಶೋಧನೆ ಮಾಡಿ ಆಯಾ ಭಾಷೆಯಲ್ಲೇ ಬರೆಯುವವರ ಕೆಲಸ ಈ ಸೂಚಿಗಳ ಕಣ್ಣಿಗೆ ಬೀಳುವುದೇ ಅಪರೂಪ. ವಯಸ್ಸಿನೊಡನೆ ಎಚ್-ಇಂಡೆಕ್ಸ್ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಆದ್ದರಿಂದ ಮೊನ್ನೆ ಪಿಎಚ್.ಡಿ. ಮುಗಿಸಿದವರನ್ನೂ ನಿವೃತ್ತಿಯ ಅಂಚಿನಲ್ಲಿರುವವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಅಂಕದ ಬೆನ್ನು ಹತ್ತಿದಾಗ

ಅಂಕೆಗೆ ಸಂಬಳ, ಬಡ್ತಿ ಕಟ್ಟಿದಾಗ ಅಂಕೆಯನ್ನೇ ಬೆಳೆಸುವ ದಾರಿಗಳು ಹುಟ್ಟಿಕೊಳ್ಳುತ್ತವೆ. ಬುಟ್ಟಿಯಲ್ಲಿ ಮೀನಿಗಿಂತ ಮಂಜುಗಡ್ಡೆಯೇ ಹೆಚ್ಚಿದ್ದರೂ ತಕ್ಕಡಿ ತೂಕ ತೋರಿಸುತ್ತದಲ್ಲವೇ? ತನ್ನ ಲೇಖನವನ್ನು ತಾನೇ ಮತ್ತೆ ಮತ್ತೆ ಉಲ್ಲೇಖಿಸುವುದು, ಗೆಳೆಯರು ಪರಸ್ಪರ ಉಲ್ಲೇಖಿಸಿಕೊಳ್ಳುವುದು, ಒಂದೇ ಕೆಲಸವನ್ನು ನಾಲ್ಕು ತುಂಡು ಮಾಡಿ ನಾಲ್ಕು ಲೇಖನ ಬರೆಯುವುದು, ದುಡಿಯದವರ ಹೆಸರನ್ನೂ ಸೇರಿಸುವುದು, ದುಡ್ಡು ಕೊಟ್ಟರೆ ಏನನ್ನೂ ಪ್ರಕಟಿಸುವ ನಕಲಿ ಜರ್ನಲ್‌ಗಳಿಗೆ ಮೊರೆಹೋಗುವುದು ಇವೆಲ್ಲ ನಡೆಯುತ್ತಿವೆ. ದುಡ್ಡಿಗೆ ಲೇಖನ ಬರೆದುಕೊಡುವ ಕಾರ್ಖಾನೆಗಳೂ ಇವೆ. 2023ರಲ್ಲಿ ಜಗತ್ತಿನಾದ್ಯಂತ 10,000ಕ್ಕೂ ಹೆಚ್ಚು ಲೇಖನಗಳನ್ನು ಜರ್ನಲ್‌ಗಳು ಹಿಂತೆಗೆದುಕೊಂಡವು. ನಮ್ಮಲ್ಲಿ ನಕಲಿ ಜರ್ನಲ್‌ಗಳನ್ನು ತಡೆಯಲು ಯುಜಿಸಿ 2018ರಲ್ಲಿ ಕೇರ್ ಎಂಬ ಪಟ್ಟಿಯ ವ್ಯವಸ್ಥೆ ಮಾಡಿತ್ತು, 2025ರಲ್ಲಿ ಅದನ್ನು ಕೈಬಿಟ್ಟು ಆ ಹೊಣೆಯನ್ನು ಕಾಲೇಜು, ವಿಶ್ವವಿದ್ಯಾಲಯಗಳಿಗೇ ಒಪ್ಪಿಸಿತು. ಅಂದರೆ ಆಡಳಿತ ಮಂಡಳಿಗಳ ಜವಾಬ್ದಾರಿ ಈಗ ಇನ್ನೂ ಹೆಚ್ಚಿದೆ.

ವಿಜ್ಞಾನಿಗಳೂ ಸುಮ್ಮನಿಲ್ಲ. 2012ರ ಕೊನೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿದ ಸಂಪಾದಕರು, ಪ್ರಕಾಶಕರು ಒಂದು ಘೋಷಣೆ ಸಿದ್ಧಪಡಿಸಿದರು. ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡಿ ವ್ಯಕ್ತಿಯ ಯೋಗ್ಯತೆ ನಿರ್ಧರಿಸಬಾರದು ಎಂಬುದು ಅದರ ಮುಖ್ಯ ಮಾತು. 2015ರ ಲೈಡನ್ ಪ್ರಣಾಳಿಕೆ, ಅಂಕೆಗಳು ತಜ್ಞರ ವಿವೇಚನೆಗೆ ನೆರವಾಗಲಿ, ಅದರ ಸ್ಥಾನವನ್ನು ಕಸಿದುಕೊಳ್ಳದಿರಲಿ ಎಂದು ತಿಳಿಸಿತು.

ಶೇಕಡಾ 2ರ ಪಟ್ಟಿಯನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಅಯೋನಿಡಿಸ್ ಮತ್ತು ಸಂಗಡಿಗರು ಸ್ಕೋಪಸ್ ಮಾಹಿತಿಯಿಂದ ತಯಾರಿಸುತ್ತಾರೆ. ಅದರಲ್ಲಿ ಇಡೀ ವೃತ್ತಿಜೀವನದ್ದೊಂದು, ಒಂದೇ ವರ್ಷದ್ದೊಂದು ಹೀಗೆ ಎರಡು ಪಟ್ಟಿಗಳಿವೆ. ಸ್ವಂತ ಉಲ್ಲೇಖಗಳನ್ನು ಕಳೆದರೆ ಸ್ಥಾನ ಎಷ್ಟಾಗುತ್ತದೆ ಎಂಬುದನ್ನೂ ಕೊಟ್ಟಿರುತ್ತಾರೆ. ಅದು ಪ್ರಶಸ್ತಿಯಲ್ಲ, ಉಲ್ಲೇಖಗಳ ಒಂದು ಲೆಕ್ಕ. ಹಾಗೆಂದು ಅದರಲ್ಲಿ ಇರುವವರ ಸಾಧನೆಯನ್ನು ನಾವು ಹಗುರವಾಗಿ ಕಾಣುತ್ತಿಲ್ಲ. ಪ್ರಾಮಾಣಿಕವಾಗಿ ದುಡಿದು ಅಲ್ಲಿ ಸ್ಥಾನ ಪಡೆದವರು ಅನೇಕರಿದ್ದಾರೆ. ತನ್ನ ವಿಷಯದಲ್ಲಿ ಬೇರೆಯವರು ಓದಿ ಬಳಸುವಂಥ ಕೆಲಸ ಮಾಡಿದ್ದಾರೆ ಎಂಬುದನ್ನು ಒಳ್ಳೆಯ ಎಚ್-ಇಂಡೆಕ್ಸ್ ಖಂಡಿತ ಸೂಚಿಸುತ್ತದೆ. ಅಷ್ಟರಮಟ್ಟಿಗೆ ಅದನ್ನು ನಂಬೋಣ.

ನಾವು ಕೇಳಬೇಕಾದದ್ದು

ನೇಮಕಾತಿ ಸಮಿತಿಯಲ್ಲಿ ಕುಳಿತವರು, ಸನ್ಮಾನ ಏರ್ಪಡಿಸುವವರು, ಮಕ್ಕಳಿಗೆ ಪಿಎಚ್.ಡಿ. ಮಾರ್ಗದರ್ಶಕರನ್ನು ಹುಡುಕುವ ಹೆತ್ತವರು ಕೆಲವು ಪ್ರಶ್ನೆಗಳನ್ನು ಕೇಳಬಹುದು. ಈ ಅಂಕೆ ಯಾವ ಸೂಚಿಯದು? ಇದರಲ್ಲಿ ಸ್ವಂತ ಉಲ್ಲೇಖ ಎಷ್ಟು? ಲೇಖನದಲ್ಲಿ ಇವರು ಮಾಡಿದ ಕೆಲಸ ಯಾವುದು? ಪ್ರಕಟಣೆಗೆ ದುಡ್ಡು ಕೊಡಲಾಗಿದೆಯೇ, ಪರಿಶೀಲನೆ ನಡೆದಿದೆಯೇ? ತನ್ನ ಅತ್ಯುತ್ತಮ ಮೂರು ಲೇಖನಗಳು ಯಾವುವು, ಅವುಗಳಿಂದ ಏನು ತಿಳಿಯಿತು ಎಂದು ಅವರೇ ಹೇಳಬಲ್ಲರೇ? ಅವರ ಕೈಕೆಳಗೆ ಕಲಿತ ವಿದ್ಯಾರ್ಥಿಗಳು ಏನಾಗಿದ್ದಾರೆ?

ಮುಂದಿನ ಬಾರಿ ನಮ್ಮ ಚರ್ಚ್‌ನಲ್ಲಿ ಇಂಥ ಸನ್ಮಾನ ನಡೆದಾಗ ಪರಿಚಯ ಪತ್ರದ ಅಂಕೆಗಳ ಜತೆಗೆ ಸನ್ಮಾನಿತರಿಗೇ ಐದು ನಿಮಿಷ ಮೈಕ್ ಕೊಟ್ಟು, ತಮ್ಮ ಸಂಶೋಧನೆ ಏನೆಂದು ನಮ್ಮ ಭಾಷೆಯಲ್ಲಿ ಹೇಳುವಂತೆ ಕೇಳಿಕೊಳ್ಳೋಣ. ಸಭೆಯಲ್ಲಿ ಕುಳಿತ ಎಸ್.ಎಸ್.ಎಲ್.ಸಿ. ಓದುವ ಮಕ್ಕಳಿಗೆ ಎಚ್-ಇಂಡೆಕ್ಸ್ ನೆನಪಿರಲಾರದು. ಹಳೆಯ ಪುಸ್ತಕ ಓದಿ, ಸೊಪ್ಪನ್ನು ಕುದಿಸದೆ ನೋಡಿ, ಮದ್ದನ್ನು ಮೊದಲು ತಾನೇ ಕುಡಿದು ಲಕ್ಷಾಂತರ ಮಕ್ಕಳ ಜೀವ ಉಳಿಸಿದ ಒಬ್ಬಾಕೆಯ ಕಥೆ ಕೇಳಿದರೆ ಅವರಲ್ಲಿ ಯಾರಾದರೂ ಪ್ರಯೋಗಾಲಯದ ಕಡೆಗೆ ಹೆಜ್ಜೆ ಹಾಕಿಯಾರು.